ಗುಂಪಿನಲ್ಲಿ ನಿಂತರೆ ಕೇಸಾಗುತ್ತದೆಯೇ? ಅಕ್ರಮ ಕೂಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದಲ್ಲಿ ಜನ ಗುಂಪು ಸೇರುವುದಕ್ಕೆ ಕಾರಣಗಳು ಕಮ್ಮಿಯಿಲ್ಲ. ಕಾರವಾರದಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಯೋಜನೆ ಬೇಡ ಎನ್ನುವ ಮೀನುಗಾರರು ಸೇರುತ್ತಾರೆ. ಘಟ್ಟದ ಮೇಲೆ ಅರಣ್ಯ ಅತಿಕ್ರಮಣದ ಪಟ್ಟಾ ಕೇಳುವವರು ಸೇರುತ್ತಾರೆ. ಸುದ್ದಿಯೇ ಆಗದ ಗುಂಪುಗಳೂ ಇವೆ: ತೋಟದ ದಾರಿಗೆ ಬೇಲಿ ಬಿತ್ತು ಎಂದು ಬೆಳಗಾಗುವಷ್ಟರಲ್ಲಿ ಒಟ್ಟಾಗುವ ಅಣ್ಣತಮ್ಮಂದಿರು, ಗಜನಿ ಗದ್ದೆಯ (ಉಪ್ಪುನೀರು ಬರುವ ಕರಾವಳಿ ಗದ್ದೆ) ನೀರಿಗಾಗಿ ಒಡ್ಡಿನ ಮೇಲೆ ಎದುರುಬದುರಾಗುವ ಎರಡು ಕೇರಿಯವರು. ಇವರಲ್ಲಿ ಹೆಚ್ಚಿನವರಿಗೆ 'ಅಕ್ರಮ ಕೂಟ' ಎಂಬ ಮಾತು ಮೊದಲ ಸಲ ಕಣ್ಣಿಗೆ ಬೀಳುವುದು ಎಫ್‌ಐಆರ್ ಪ್ರತಿಯಲ್ಲಿ. ಅಷ್ಟೊತ್ತಿಗೆ ತಡವಾಗಿರುತ್ತದೆ. ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆದಿದ್ದೇನೆ.

ಅಕ್ರಮ ಕೂಟ ಅಂದರೆ ಏನು? ಐದು ಜನ ಸೇರಿದರೆ ಸಾಕಾ?

ಸಾಲದು. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಇರಬೇಕು, ಜೊತೆಗೆ ಅವರೆಲ್ಲರಿಗೂ ಕಾನೂನು ಹೆಸರಿಸಿದ ಒಂದು ಸಮಾನ ಉದ್ದೇಶ ಇರಬೇಕು. ಭಾರತೀಯ ನ್ಯಾಯ ಸಂಹಿತೆಯ 189ನೇ ಕಲಂ ಇಂಥ ಐದು ಉದ್ದೇಶಗಳನ್ನು ಹೇಳುತ್ತದೆ. ಸರ್ಕಾರವನ್ನೋ ಸರ್ಕಾರಿ ನೌಕರರನ್ನೋ ಬಲ ತೋರಿಸಿ ಹೆದರಿಸುವುದು. ಕಾನೂನು ಅಥವಾ ಕೋರ್ಟಿನ ಆದೇಶ ಜಾರಿಯಾಗದಂತೆ ತಡೆಯುವುದು. ಆಸ್ತಿ ಹಾಳು ಮಾಡುವುದು, ಬೇರೆಯವರ ಜಾಗಕ್ಕೆ ನುಗ್ಗುವುದು ಅಥವಾ ಇನ್ನಾವುದೇ ಅಪರಾಧ ಮಾಡುವುದು. ಬಲ ಬಳಸಿ ಆಸ್ತಿ ವಶ ಮಾಡಿಕೊಳ್ಳುವುದು, ದಾರಿ ಅಥವಾ ನೀರಿನ ಹಕ್ಕು ತಪ್ಪಿಸುವುದು, ಇಲ್ಲವೇ ತಮ್ಮದೆನ್ನುವ ಹಕ್ಕನ್ನು ಬಲದಿಂದ ಚಲಾಯಿಸುವುದು. ಕಡೆಯದಾಗಿ, ಒಬ್ಬನಿಂದ ಅವನಿಗೆ ಬೇಡದ ಕೆಲಸವನ್ನು ಬಲವಂತವಾಗಿ ಮಾಡಿಸುವುದು, ಅಥವಾ ಅವನು ಮಾಡಬಹುದಾದ ಕೆಲಸವನ್ನು ನಿಲ್ಲಿಸುವುದು.

ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಐನೂರು ಜನ ಇದ್ದರೂ ಅದು ಅಕ್ರಮ ಕೂಟವಲ್ಲ. ಒಬ್ಬರ ಅಂಗಡಿ ಒಡೆಯಲು ಐದೇ ಜನ ಹೊರಟರೂ ಅದು ಅಕ್ರಮ ಕೂಟವೇ.

2024ರ ಜುಲೈ 1ಕ್ಕಿಂತ ಮೊದಲು ನಡೆದ ಘಟನೆಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಅದರಲ್ಲಿ ಇದೆಲ್ಲ 141ರಿಂದ 149ನೇ ಕಲಂಗಳಲ್ಲಿತ್ತು. ನಮ್ಮ ಕೋರ್ಟುಗಳಲ್ಲಿ ಇನ್ನೂ ಎರಡೂ ಬಗೆಯ ಕೇಸುಗಳು ನಡೆಯುತ್ತಿವೆ. ನಿಮ್ಮ ಎಫ್‌ಐಆರ್‌ನಲ್ಲಿ 143, 147, 148 ಎಂದಿದ್ದರೆ ಗಾಬರಿ ಬೇಡ, ಅದು ಹಳೆಯ ಲೆಕ್ಕ.

ಸಭೆ ಶಾಂತವಾಗಿಯೇ ಶುರುವಾಯಿತು. ನಡುವೆ ಕಲ್ಲು ಬಿತ್ತು. ಆಗ?

ಶುರುವಿನಲ್ಲಿ ಸರಿಯಿದ್ದ ಸಭೆ ಆಮೇಲೆ ಅಕ್ರಮ ಕೂಟ ಆಗಬಹುದು ಎಂದು ಕಾನೂನು ಬಿಡಿಸಿಯೇ ಹೇಳಿದೆ. ಉದ್ದೇಶವನ್ನು ಮೊದಲೇ ಮಾತಾಡಿಕೊಂಡು ಬರಬೇಕೆಂದಿಲ್ಲ, ನಿಂತ ಜಾಗದಲ್ಲೇ ಹುಟ್ಟಬಹುದು. ಹಾಗೆಂದು ಯಾರೋ ಒಬ್ಬ ಕಲ್ಲು ಎಸೆದ ಕೂಡಲೇ ಮೈದಾನದಲ್ಲಿದ್ದ ಎಲ್ಲರೂ ಅಪರಾಧಿಗಳಾಗುವುದಿಲ್ಲ. ಗುಂಪಿನ ಗುರಿ ಬದಲಾದದ್ದು ಗೊತ್ತಾದ ಮೇಲೂ ನೀವು ಜೊತೆಗೇ ಮುಂದುವರಿದಿರಾ, ಇಲ್ಲ ಹಿಂದೆ ಸರಿದಿರಾ ಎಂಬುದು ಮುಖ್ಯ. ಆ ಹತ್ತು ನಿಮಿಷದಲ್ಲಿ ನೀವು ಎಲ್ಲಿದ್ದಿರಿ ಎಂಬುದರ ಮೇಲೆ ಮುಂದಿನ ಎಷ್ಟೋ ವರ್ಷಗಳ ಅಲೆದಾಟ ನಿಂತಿರುತ್ತದೆ.

ದಾರಿ ನಮ್ಮದೇ. ಅವರೇ ಬೇಲಿ ಹಾಕಿದ್ದು. ಕಿತ್ತು ಹಾಕಿದರೆ ತಪ್ಪೇನು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಇದು. ಅಕ್ರಮ ಕೂಟ ಎಂದರೆ ಪಟ್ಟಣದ ಗಲಾಟೆ ಎಂದು ಜನ ತಿಳಿದಿರುತ್ತಾರೆ. ಈ ಕಲಮಿನ ಕೇಸುಗಳು ಹಳ್ಳಿಯಲ್ಲಿ ತೋಟ, ದಾರಿ, ನೀರಿನ ಜಗಳಗಳಲ್ಲೂ ಆಗುತ್ತವೆ.

ನಡೆಯುವುದು ಸಾಮಾನ್ಯವಾಗಿ ಹೀಗೆ. ಅಜ್ಜನ ಕಾಲದಿಂದ ಅಡಿಕೆ ಹೊತ್ತು ತರುತ್ತಿದ್ದ ಕಾಲುದಾರಿ. ಪಾಲಾದ ಮೇಲೆ ಅದು ದಾಯಾದಿಯ ಸರ್ವೆ ನಂಬರಿಗೆ ಸೇರಿತು. ಕೊಯ್ಲಿನ ಹೊತ್ತಿಗೆ ದಣಪೆ (ದಾಟಿ ಹೋಗುವ ಗೇಟು) ಇದ್ದ ಜಾಗದಲ್ಲಿ ತಂತಿ ಬೇಲಿ. ಮಾರನೆಯ ಬೆಳಿಗ್ಗೆ ಅಪ್ಪ, ಇಬ್ಬರು ಮಕ್ಕಳು, ಭಾವ, ಕೆಲಸದ ಆಳು ಹೋಗಿ ತಂತಿ ಕತ್ತರಿಸುತ್ತಾರೆ. ಅಲ್ಲಿಗೆ ಐದು ಜನ ಆಯಿತು. ಆಚೆಯವರು ತಡೆಯಲು ಬರುತ್ತಾರೆ, ಬೈಗುಳ, ನೂಕಾಟ, ಒಬ್ಬರ ಕೈಗೆ ಗಾಯ. ಮಧ್ಯಾಹ್ನದ ಹೊತ್ತಿಗೆ ಠಾಣೆಯಲ್ಲಿ ದೂರು: 'ಆರೋಪಿತರೆಲ್ಲರೂ ಅಕ್ರಮ ಕೂಟ ಕಟ್ಟಿಕೊಂಡು ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿ...' ಕಲಂ 189(2), 191(2), 115(2), 352, 351(2), ಜೊತೆಗೆ 190. ಸಂಜೆಗೆ ಇವರ ಕಡೆಯಿಂದಲೂ ಇಂಥದ್ದೇ ಪ್ರತಿದೂರು.

ದಾರಿ ನಿಜವಾಗಿ ನಿಮ್ಮದೇ ಇರಬಹುದು. ಆದರೂ 'ಹಕ್ಕು ಅಥವಾ ಹಕ್ಕೆಂದು ಭಾವಿಸಿದ್ದನ್ನು' ಬಲದಿಂದ ಚಲಾಯಿಸಲು ಐದು ಜನ ಸೇರುವುದನ್ನೇ ಕಾನೂನು ತಪ್ಪು ಎನ್ನುತ್ತದೆ. ದಾರಿ ಮತ್ತು ನೀರು ಎಂಬ ಎರಡೂ ಮಾತು ಆ ಕಲಮಿನಲ್ಲೇ ಇವೆ. ಅದೇ ವಾಕ್ಯ ಬೇಲಿ ಹಾಕಿದವರಿಗೂ ತಾಗುತ್ತದೆ. ಅವರು ಐದು ಜನ ನಿಂತು ಬಲ ತೋರಿಸಿ ನಿಮ್ಮ ದಾರಿ ತಪ್ಪಿಸಿದ್ದರೆ ಅವರದ್ದೂ ಅಕ್ರಮ ಕೂಟವೇ.

ಸರಿಯಾದ ದಾರಿ ಬೇರೆ ಇದೆ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ತಡೆಯಾಜ್ಞೆ ಕೇಳಬಹುದು. 20 ವರ್ಷ ಎಡೆಬಿಡದೆ, ಹಕ್ಕಿನಿಂದ, ಎಲ್ಲರಿಗೂ ಕಾಣುವಂತೆ ಬಳಸಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆ ರಕ್ಷಣೆ ಕೊಡುತ್ತದೆ. ಜಗಳ ಹೊತ್ತಿಕೊಳ್ಳುವ ಹಂತದಲ್ಲಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದದ್ದು) 166ನೇ ಕಲಂ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಜಾಗ ಮತ್ತು ನೀರಿನ ಬಳಕೆಯ ಹಕ್ಕಿನ ಬಗ್ಗೆ ವಿಚಾರಣೆ ಮಾಡಬಹುದು. ಬೇಲಿಯ ಫೋಟೋ, ಹಳೆಯ ನಕ್ಷೆ, ಆ ದಾರಿಯಲ್ಲಿ ಓಡಾಡಿದ ಹಿರಿಯರ ಹೇಳಿಕೆ, ಇವೆಲ್ಲ ಅಲ್ಲಿ ಉಪಯೋಗಕ್ಕೆ ಬರುತ್ತವೆ. ತಂತಿ ಕತ್ತರಿಸಿದ ದಿನದಿಂದ ನೀವು ದಾರಿ ಕೇಳುವವರಾಗಿ ಉಳಿಯುವುದಿಲ್ಲ, ಆರೋಪಿ ನಂಬರ್ ಒಂದು ಆಗಿರುತ್ತೀರಿ. ನನಗೆ ಸಂಕಟವಾಗುವುದು ಇಲ್ಲಿಯೇ. ನ್ಯಾಯ ಇರುವವರೇ ಎಷ್ಟೋ ಸಲ ಕಟಕಟೆಯಲ್ಲಿ ನಿಲ್ಲುತ್ತಾರೆ.

ಹಾಗಾದರೆ ಅವರು ಗುಂಪು ಕಟ್ಟಿಕೊಂಡು ತೋಟಕ್ಕೆ ನುಗ್ಗಿದರೆ ಕೈ ಕಟ್ಟಿ ನಿಲ್ಲಬೇಕಾ?

ಇಲ್ಲ. ನಿಮ್ಮ ಅನುಭೋಗದಲ್ಲಿರುವ ಜಾಗವನ್ನು, ನಿಮ್ಮ ಮೈಯನ್ನು, ಮನೆಯವರನ್ನು ಕಾಪಾಡಿಕೊಳ್ಳುವ ಹಕ್ಕು ನಿಮಗಿದೆ. ಹಾಗೆ ತಡೆಯಲು ನಿಂತವರು ಐದು ಜನ ಇದ್ದರೂ ಅದು ಅಕ್ರಮ ಕೂಟವಾಗುವುದಿಲ್ಲ. ಆದರೆ ತಡೆಗೆ ಎಷ್ಟು ಬೇಕೋ ಅಷ್ಟೇ ಬಲ. ಪೊಲೀಸರನ್ನು ಕರೆಯಲು ಸಮಯವಿದ್ದರೆ ಕರೆಯಬೇಕು, 112ಕ್ಕೆ ಫೋನ್ ಮಾಡಿದ ದಾಖಲೆಯೂ ಆಮೇಲೆ ಕೆಲಸಕ್ಕೆ ಬರುತ್ತದೆ. ಬಂದವರು ಓಡಿಹೋದ ಮೇಲೆ ಅವರ ಮನೆ ತನಕ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ರಕ್ಷಣೆಯಲ್ಲ.

ಸೊಂಟದಲ್ಲಿ ಕತ್ತಿ ಇದ್ದರೆ ಮಾರಕಾಯುಧ ಆಗುತ್ತದಾ?

ಘಟ್ಟದ ಮೇಲಿನವರು ತೋಟಕ್ಕೆ ಹೊರಟರೆ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಳ್ಳುವುದು ಅಭ್ಯಾಸ. ಸೊಪ್ಪು ಕಡಿಯಲು, ಬಳ್ಳಿ ಸವರಲು, ಬಿದ್ದ ಸೋಗೆ ಹೆರೆಯಲು ಅದು ಬೇಕು. ಅದು ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಅದೇ ಕತ್ತಿ ಸಿಕ್ಕಿಸಿಕೊಂಡು ಜಗಳದ ಗುಂಪಿನಲ್ಲಿ ನಿಂತರೆ 189(4) ಬರುತ್ತದೆ. ಅಲ್ಲಿ ಮಾರಕಾಯುಧ ಎಂದಷ್ಟೇ ಹೇಳಿಲ್ಲ, ಆಯುಧವಾಗಿ ಬಳಸಿದರೆ ಸಾವು ತರಬಲ್ಲ ಯಾವುದೇ ವಸ್ತು ಎಂದಿದೆ. ಕರಾವಳಿಯಲ್ಲಿ ದೋಣಿಯ ಹುಟ್ಟು, ಕಬ್ಬಿಣದ ಸರಳು, ಪಿಕಾಸು ಎಲ್ಲವೂ ಇದರೊಳಗೆ ಬರಬಹುದು.

ಶಿಕ್ಷೆಯ ವ್ಯತ್ಯಾಸ ದೊಡ್ಡದು. ಬರಿಗೈಯಲ್ಲಿ ಅಕ್ರಮ ಕೂಟದಲ್ಲಿದ್ದರೆ ಆರು ತಿಂಗಳವರೆಗೆ, ಆಯುಧ ಇದ್ದರೆ ಎರಡು ವರ್ಷದವರೆಗೆ. ದೊಂಬಿಯಾದರೆ ಬರಿಗೈಗೆ ಎರಡು ವರ್ಷ, ಆಯುಧಕ್ಕೆ ಐದು. ಮಾತುಕತೆಗೆ ಹೋಗುವುದಿದ್ದರೆ ಕತ್ತಿ ಮನೆಯಲ್ಲೇ ಬಿಟ್ಟು ಹೋಗಿ.

ಬೇರೆ ಬೇರೆ ಪಾತ್ರಕ್ಕೆ ಶಿಕ್ಷೆ ಎಷ್ಟು?

ಸುಮ್ನೆ ಸದಸ್ಯನಾಗಿದ್ದಕ್ಕೆ 189(2): ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಚದುರಿ ಎಂದು ಆದೇಶವಾಗಿದ್ದು ಗೊತ್ತಿದ್ದೂ ಸೇರಿಕೊಂಡರೆ ಅಥವಾ ಅಲ್ಲೇ ಉಳಿದರೆ 189(3), ಎರಡು ವರ್ಷದವರೆಗೆ. ಕೂಟ ಅಕ್ರಮ ಅಲ್ಲದಿದ್ದರೂ ಶಾಂತಿ ಕದಡುವಂತಿದ್ದು, ಚದುರಿ ಎಂದ ಮೇಲೂ ನಿಂತರೆ 189(5), ಆರು ತಿಂಗಳವರೆಗೆ.

ಆ ಕೂಟದ ಯಾರೇ ಒಬ್ಬ ಸದಸ್ಯ ಸಮಾನ ಉದ್ದೇಶಕ್ಕಾಗಿ ಬಲ ಅಥವಾ ಹಿಂಸೆ ಬಳಸಿದರೆ ಎಲ್ಲ ಸದಸ್ಯರ ಮೇಲೂ ದೊಂಬಿಯ ಅಪರಾಧ ಬರುತ್ತದೆ. ಅದು 191. ಆಯುಧದೊಂದಿಗೆ ದೊಂಬಿ ಮಾಡಿದ್ದಕ್ಕೆ ಹಳೆಯ ಕಾನೂನಿನಲ್ಲಿ ಮೂರು ವರ್ಷ ಇತ್ತು, ಈಗ ಐದು. ಇದರಲ್ಲಿ ಬಹಳ ಜನ ಗಮನಿಸದ ಒಂದು ಪರಿಣಾಮ ಇದೆ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ಕೋರ್ಟು ಕೈಗೆತ್ತಿಕೊಳ್ಳಲು ಕಾಲಮಿತಿ ಇದೆ. ಐದು ವರ್ಷದ ಅಪರಾಧಕ್ಕೆ ಆ ಮಿತಿ ಇಲ್ಲ.

ಹಣ ಕೊಟ್ಟು ಜನರನ್ನು ಕರೆಸಿದವನೂ ತಪ್ಪಿಸಿಕೊಳ್ಳುವುದಿಲ್ಲ. ತಾನು ಜಾಗದಲ್ಲಿ ಇಲ್ಲದಿದ್ದರೂ 189(6) ಅವನನ್ನು ಸದಸ್ಯನಂತೆಯೇ ನೋಡುತ್ತದೆ. ಬಾಡಿಗೆಗೆ ಬಂದವನಿಗೂ ಬೇರೆ ಶಿಕ್ಷೆ ಇದೆ. ದೊಂಬಿಯಾಗಲಿ ಎಂದು ಕೆರಳಿಸಿದವನಿಗೆ, ದೊಂಬಿ ನಡೆದರೆ ಒಂದು ವರ್ಷದವರೆಗೆ, ನಡೆಯದಿದ್ದರೆ ಆರು ತಿಂಗಳವರೆಗೆ.

ನಾನು ಯಾರ ಮೇಲೂ ಕೈ ಎತ್ತಲಿಲ್ಲ. ಆದರೂ ಕೊಲೆಯತ್ನದ ಕೇಸು ಹಾಕಿದ್ದಾರೆ. ಇದು ಹೇಗೆ?

190ನೇ ಕಲಂ. ಹಳೆಯದರಲ್ಲಿ 149. ಕೂಟದ ಯಾವನೇ ಒಬ್ಬ ಸಮಾನ ಉದ್ದೇಶದ ಸಲುವಾಗಿ ಒಂದು ಅಪರಾಧ ಮಾಡಿದರೆ, ಅಥವಾ ಆ ಉದ್ದೇಶದ ದಾರಿಯಲ್ಲಿ ಇಂಥದ್ದೊಂದು ಆಗಬಹುದು ಎಂದು ಉಳಿದವರಿಗೆ ಗೊತ್ತಿದ್ದರೆ, ಆ ಹೊತ್ತಿಗೆ ಕೂಟದಲ್ಲಿದ್ದ ಎಲ್ಲರೂ ಆ ಅಪರಾಧಕ್ಕೆ ಹೊಣೆ. ಹೊಡೆದವನಿಗೆ ಎಷ್ಟು ಶಿಕ್ಷೆಯೋ ಉಳಿದವರಿಗೂ ಅಷ್ಟೇ ಆಗಬಹುದು.

ಬೇಲಿಯ ಉದಾಹರಣೆಗೇ ಬನ್ನಿ. ಐವರೂ ಬರಿಗೈಯಲ್ಲಿ ತಂತಿ ಕಿತ್ತು ಬರಲು ಹೋದರು. ಒಬ್ಬ ಇದ್ದಕ್ಕಿದ್ದಂತೆ ಬಿದ್ದಿದ್ದ ಕಲ್ಲೆತ್ತಿ ತಲೆಗೆ ಹೊಡೆದ. ಇದು ಆಗಬಹುದೆಂದು ಉಳಿದ ನಾಲ್ವರಿಗೆ ಗೊತ್ತಿತ್ತು ಎನ್ನುವುದು ಕಷ್ಟ. ಆದರೆ ಹೊರಡುವಾಗಲೇ ಇಬ್ಬರ ಕೈಯಲ್ಲಿ ಕತ್ತಿ, 'ಇವತ್ತು ಬಿಡಬಾರದು' ಎಂಬ ಕೂಗು, ಆಚೆಯವನನ್ನು ಉಳಿದವರು ಸುತ್ತುಗಟ್ಟಿದ್ದು, ಇದೆಲ್ಲ ಇದ್ದರೆ ಕೋರ್ಟು ಬೇರೆ ರೀತಿ ನೋಡುತ್ತದೆ. ಉದ್ದೇಶ ಮನಸ್ಸಿನೊಳಗಿನದು, ನೇರ ಸಾಕ್ಷಿ ಸಿಗುವುದಿಲ್ಲ. ಹಾಗಾಗಿ ಕೈಯಲ್ಲಿ ಏನಿತ್ತು, ಏನು ಕೂಗಿದರು, ಹೇಗೆ ಬಂದರು, ಹೊಡೆತ ಬೀಳುವಾಗ ಏನು ಮಾಡಿದರು, ಆಮೇಲೆ ಹೇಗೆ ಹೋದರು ಎಂಬುದನ್ನೆಲ್ಲ ಜೋಡಿಸಿ ತೀರ್ಮಾನಿಸುತ್ತಾರೆ.

ನಾನು ಸುಮ್ನೆ ನೋಡಲು ನಿಂತಿದ್ದೆ. ನನ್ನ ಹೆಸರೂ ಇದೆ.

ಬರೀ ಅಲ್ಲಿದ್ದ ಮಾತ್ರಕ್ಕೆ ಒಬ್ಬ ಅಕ್ರಮ ಕೂಟದ ಸದಸ್ಯನಾಗುವುದಿಲ್ಲ. ಸುಪ್ರೀಂ ಕೋರ್ಟ್ 1956ರ ಬಲದಿನ್ ಪ್ರಕರಣದಲ್ಲೇ ಈ ಮಾತು ಹೇಳಿದೆ. ಆಮೇಲೆ ಮಸಾಲ್ತಿ ಪ್ರಕರಣದಲ್ಲಿ ಅದಕ್ಕೊಂದು ವಿವರಣೆ ಕೊಟ್ಟಿತು: ಪ್ರತಿಯೊಬ್ಬ ಸದಸ್ಯನೂ ಏನಾದರೂ ಕೃತ್ಯ ಮಾಡಿದ್ದಾನೆಂದು ತೋರಿಸಬೇಕಾಗಿಲ್ಲ, ಆದರೆ ಸಮಾನ ಉದ್ದೇಶ ಅವನಿಗೂ ಇತ್ತು ಎಂಬುದು ಸಾಬೀತಾಗಬೇಕು. ಕುತೂಹಲಕ್ಕೆ ನಿಂತ ನೋಡುಗನಿಗೆ ಅದು ಇರುವುದಿಲ್ಲ. ಗುಂಪು ದೊಡ್ಡದಿದ್ದಾಗ ಒಬ್ಬನೇ ಸಾಕ್ಷಿಯ ಮಾತು ನಂಬದೆ, ಕನಿಷ್ಠ ಎರಡು ಮೂರು ಸಾಕ್ಷಿಗಳು ಒಂದೇ ರೀತಿ ಹೆಸರು ಹೇಳುತ್ತಾರೆಯೇ ಎಂದು ನೋಡುವುದು ಒಳ್ಳೆಯದು ಎಂದೂ ಅದೇ ತೀರ್ಪು ಹೇಳಿದೆ.

ಇದೆಲ್ಲ ಕೋರ್ಟಿನಲ್ಲಿ ಸಿಗುವ ರಕ್ಷಣೆ. ಎಫ್‌ಐಆರ್ ಹಂತದಲ್ಲಿ ವಿಡಿಯೋದಲ್ಲಿ ಮುಖ ಕಂಡರೆ ಹೆಸರು ಸೇರುವುದು ಸುಲಭ. 'ಮತ್ತು ಇತರರು' ಎಂದು ಬರೆದ ಎಫ್‌ಐಆರ್‌ಗೆ ಆಮೇಲೆ ಯಾರ ಹೆಸರು ಬೇಕಾದರೂ ಬರಬಹುದು. ನೀವು ಅಂಗಡಿಗೆ ಬಂದವರಾಗಿದ್ದರೆ ಬಿಲ್ಲು, ಬಸ್ಸಿನ ಟಿಕೆಟ್ಟು, ಅಂಗಡಿಯ ಸಿಸಿಟಿವಿ ದೃಶ್ಯ ಇವನ್ನು ಬೇಗ ತೆಗೆದಿಟ್ಟುಕೊಳ್ಳಿ. ಸಿಸಿಟಿವಿಯ ಹಳೆಯ ದೃಶ್ಯ ತಾನಾಗಿಯೇ ಅಳಿಸಿಹೋಗುತ್ತದೆ.

ಹತ್ತು ಜನರ ಮೇಲೆ ಕೇಸು, ಏಳು ಜನ ಖುಲಾಸೆಯಾದರು. ಉಳಿದ ಮೂವರಿಗೆ ಶಿಕ್ಷೆ ಆಗುತ್ತದಾ?

ಇದ್ದದ್ದೇ ಆ ಹತ್ತು ಜನ, ಬೇರೆ ಯಾರೂ ಇರಲಿಲ್ಲ ಎಂದಾದರೆ ಐದರ ಲೆಕ್ಕ ತಪ್ಪುತ್ತದೆ, 190 ನಿಲ್ಲುವುದಿಲ್ಲ. ಗುರುತು ಸಿಗದ ಬೇರೆಯವರೂ ಇದ್ದರು ಎಂದು ಆರೋಪಪಟ್ಟಿಯಲ್ಲೂ ಸಾಕ್ಷ್ಯದಲ್ಲೂ ಇದ್ದರೆ ನಿಲ್ಲಬಹುದು. ಐದಕ್ಕಿಂತ ಕಮ್ಮಿಯಾದರೆ 3(5)ನೇ ಕಲಂ, ಅಂದರೆ ಸಮಾನ ಇಚ್ಛೆಯಿಂದ ಕೂಡಿ ಮಾಡಿದ ಕೃತ್ಯ, ಅದಕ್ಕೆ ಇಬ್ಬರಿದ್ದರೂ ಸಾಕು.

'144 ಹಾಕಿದ್ದಾರೆ' ಅಂತಾರಲ್ಲ, ಅದೂ ಇದೂ ಒಂದೇನಾ?

ಅಲ್ಲ. 144 ಎಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ನಿಷೇಧಾಜ್ಞೆ. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 163. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಇಂಥವರು ಲಿಖಿತವಾಗಿ, ಕಾರಣ ಕೊಟ್ಟು ಹೊರಡಿಸುತ್ತಾರೆ. ಎರಡು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ, ರಾಜ್ಯ ಸರ್ಕಾರ ಬೇಕೆಂದರೆ ಇನ್ನೂ ಆರು ತಿಂಗಳವರೆಗೆ ವಿಸ್ತರಿಸಬಹುದು. ಅದನ್ನು ಮೀರಿದರೆ ನ್ಯಾಯ ಸಂಹಿತೆಯ 223ನೇ ಕಲಂ: ಸಾಮಾನ್ಯವಾಗಿ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,500 ರೂಪಾಯಿವರೆಗೆ ದಂಡ, ಜೀವಕ್ಕೆ ಅಪಾಯ ಅಥವಾ ದೊಂಬಿಗೆ ಕಾರಣವಾದರೆ ಒಂದು ವರ್ಷ ಅಥವಾ 5,000. ಇಲ್ಲೊಂದು ಮುಖ್ಯ ವಿಷಯ. 223ರ ಕೇಸನ್ನು ಕೋರ್ಟು ಕೈಗೆತ್ತಿಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿಯ ಲಿಖಿತ ಫಿರ್ಯಾದು ಬೇಕು. ಅದಿಲ್ಲದೆ ಬರೀ ಪೊಲೀಸ್ ಚಾರ್ಜ್‌ಶೀಟ್ ಮೇಲೆ ನಡೆದ ಕೇಸುಗಳು ಬಿದ್ದುಹೋಗಿವೆ.

ನಿಷೇಧಾಜ್ಞೆ ಹಾಕಿದ್ದೆಲ್ಲ ಸರಿ ಎಂದೂ ಅಲ್ಲ. ಭಿನ್ನಾಭಿಪ್ರಾಯ ಹತ್ತಿಕ್ಕಲು ಇದನ್ನು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಹೇಳಿದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ ಆದೇಶ ಕಾನೂನುಬಾಹಿರ ಎಂದು ನಮ್ಮ ಹೈಕೋರ್ಟೇ ತೀರ್ಪು ಕೊಟ್ಟಿದೆ. ಆದೇಶದ ಪ್ರತಿ ಕೇಳಿ, ಓದಿ. ಯಾವ ಪ್ರದೇಶ, ಎಷ್ಟು ದಿನ, ಎಷ್ಟು ಜನ ಸೇರಬಾರದು ಎಂಬುದು ಅದರಲ್ಲೇ ಇರುತ್ತದೆ.

ಅಂದರೆ ಪ್ರತಿಭಟನೆಯೇ ಮಾಡಬಾರದಾ?

ಧಾರಾಳವಾಗಿ ಮಾಡಿ. ಶಾಂತವಾಗಿ, ಆಯುಧವಿಲ್ಲದೆ ಸಭೆ ಸೇರುವುದು ಸಂವಿಧಾನದ 19(1)(ಬಿ) ಕೊಟ್ಟ ಹಕ್ಕು. ಈ ಜಿಲ್ಲೆಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಜನ ಉಪ್ಪು ಮಾಡಿದರು, ಆಮೇಲೆ ಅಂಕೋಲಾ, ಸಿದ್ದಾಪುರದ ರೈತರು ಕರ ಕೊಡದೆ ಜಮೀನು ಕಳೆದುಕೊಂಡರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಕಾಡಿನಲ್ಲಿ ಜನ ಮರ ಅಪ್ಪಿ ನಿಂತರು. ಯಾರ ಮೇಲೂ ಕೈ ಮಾಡಲಿಲ್ಲ. ಅಪ್ಪಿಕೋ ಚಳವಳಿಯ ಬಲವೇ ಅದಾಗಿತ್ತು.

ಕಾರ್ಯಕ್ರಮ ಮಾಡುವವರು ಮೊದಲೇ ಪೊಲೀಸರಿಗೆ ಜಾಗ, ಸಮಯ, ದಾರಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮೈಕ್‌ಗೆ ಬೇರೆ ಪರವಾನಗಿ ಬೇಕು. ಸ್ವಯಂಸೇವಕರಿಗೆ ಗುರುತಿನ ಪಟ್ಟಿ ಕೊಡಿ. ನಿಮ್ಮದೇ ಒಬ್ಬರು ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಲಿ. ಯಾರಾದರೂ ಕಲ್ಲು ಹಿಡಿದರೆ ಸಭೆ ಮುಗಿಯಿತು ಎಂದು ಮೈಕಿನಲ್ಲೇ ಘೋಷಿಸಿ. ಆ ಒಂದು ಘೋಷಣೆ ನೂರಾರು ಜನರನ್ನು ಕೇಸಿನಿಂದ ಉಳಿಸಬಲ್ಲದು, ಸಂಘಟಕರನ್ನೂ ಸೇರಿಸಿ.

ರಸ್ತೆ ತಡೆ? ಬಂದ್?

ರಸ್ತೆ ತಡೆದರೆ 126(2) ಮತ್ತು 285 ಬರುತ್ತವೆ, ಶಿಕ್ಷೆ ಸಣ್ಣದು. ಹೆದ್ದಾರಿ 66ಕ್ಕೇ ಹಾನಿ ಮಾಡಿದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಐದು ವರ್ಷದವರೆಗೆ ಹೋಗುತ್ತದೆ. ಸಾರಿಗೆ ಸಂಸ್ಥೆಯ ಬಸ್ಸಿಗೆ ಕಲ್ಲು ಹೊಡೆದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ, ಅಲ್ಲೂ ಐದು ವರ್ಷದವರೆಗೆ. ಬಂದ್ ದಿನ ಸ್ವಂತ ಇಷ್ಟದಿಂದ ಬಾಗಿಲು ಹಾಕಿದರೆ ತಪ್ಪಿಲ್ಲ. ಗುಂಪಾಗಿ ಹೋಗಿ ಬೆದರಿಸಿ ಶಟರ್ ಎಳೆಸಿದರೆ ಅದು ಕಲಂ 189ರ ಐದನೆಯ ಉದ್ದೇಶಕ್ಕೆ ಸರಿಯಾಗಿ ಹೊಂದುತ್ತದೆ. ಬಲವಂತದ ಬಂದ್‌ಗೆ ಸಂವಿಧಾನದ ರಕ್ಷಣೆ ಇಲ್ಲ ಎಂದ ಕೇರಳ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ 1997ರಲ್ಲೇ ಎತ್ತಿಹಿಡಿದಿದೆ.

ತೆರವಿಗೆ ಅರಣ್ಯ ಇಲಾಖೆಯವರು ಬಂದಾಗ ಊರವರೆಲ್ಲ ಅಡ್ಡ ನಿಂತರೆ?

ಮನಸ್ಸಿಗೆ ಅರ್ಥವಾಗುತ್ತದೆ. ಆದರೆ ಕಾನೂನು ಜಾರಿಗೆ ತಡೆಯೊಡ್ಡುವುದು ಅಕ್ರಮ ಕೂಟದ ಎರಡನೆಯ ಉದ್ದೇಶ. ನೌಕರರ ಮೇಲೆ ಕೈ ಮಾಡಿದರೆ 132ನೇ ಕಲಂ, ಅದು ಜಾಮೀನು ರಹಿತ. ದೊಂಬಿ ತಡೆಯಲು ಬಂದ ನೌಕರನ ಮೇಲೆ ಹಲ್ಲೆ ಮಾಡಿದರೆ 195(1), ಮೂರು ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿಗೆ ಕಮ್ಮಿಯಿಲ್ಲದ ದಂಡ, ಇಲ್ಲವೇ ಎರಡೂ. ಅರಣ್ಯ ಹಕ್ಕು ಕಾಯ್ದೆಯಡಿ ನಿಮ್ಮ ಅರ್ಜಿ ಇನ್ನೂ ಬಾಕಿ ಇದ್ದರೆ, ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂದು ಅದರ 4(5)ನೇ ಕಲಂ ಹೇಳುತ್ತದೆ. ಅರ್ಜಿಯ ಸ್ವೀಕೃತಿ ತೋರಿಸಿ, ತೆರವಿನ ಆದೇಶದ ಪ್ರತಿ ಕೇಳಿ, ಆಕ್ಷೇಪ ಬರೆದು ಕೊಡಿ, ಅದೇ ದಿನ ವಕೀಲರನ್ನು ನೋಡಿ. ಕಲ್ಲಿಗಿಂತ ಆ ಸ್ವೀಕೃತಿ ಪತ್ರ ನಿಮ್ಮ ಮನೆಯನ್ನು ಹೆಚ್ಚು ಉಳಿಸುತ್ತದೆ.

ಗುಂಪು ಸೇರಿ ಕೊಂದರೆ ಹೊಸ ಕಾನೂನಿನಲ್ಲಿ ಬೇರೆ ಶಿಕ್ಷೆ ಇದೆಯಂತೆ?

ಹೌದು. ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ನಂಬಿಕೆ ಇಂಥ ಕಾರಣಕ್ಕೆ ಐದು ಅಥವಾ ಜಾಸ್ತಿ ಜನ ಕೂಡಿ ಕೊಂದರೆ 103(2): ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ. ತೀವ್ರ ಗಾಯವಾದರೆ 117(4), ಏಳು ವರ್ಷದವರೆಗೆ. ಭಟ್ಕಳದ 1993ರ ಗಲಭೆಯನ್ನೂ 2017ರ ಡಿಸೆಂಬರ್‌ನಲ್ಲಿ ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ನಡೆದದ್ದನ್ನೂ ನೋಡಿದ ಜಿಲ್ಲೆ ಇದು. ಮಕ್ಕಳಿಗೆ ಈ ಕಲಂ ಹೇಳಿಕೊಡಿ.

ವಾಟ್ಸಾಪ್‌ನಲ್ಲಿ 'ಎಲ್ಲರೂ ಬನ್ನಿ' ಎಂದು ಫಾರ್ವರ್ಡ್ ಮಾಡಿದ್ದಷ್ಟೇ.

ಯಾವುದಕ್ಕೆ ಬನ್ನಿ ಎಂದಿರಿ ಎಂಬುದು ಮುಖ್ಯ. ಮನವಿ ಕೊಡಲು ಕರೆದರೆ ಏನೂ ಅಲ್ಲ. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಮಾತು ಇದ್ದರೆ 196, ಸುಳ್ಳು ಸುದ್ದಿಯಿಂದ ಶಾಂತಿ ಕದಡುವಂತಿದ್ದರೆ 353, ಇವೆರಡೂ ಗಂಭೀರ. ಗ್ರೂಪಿನ ಅಡ್ಮಿನ್ ಆಗಿದ್ದ ಮಾತ್ರಕ್ಕೆ ಬೇರೆಯವರ ಪೋಸ್ಟಿಗೆ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

ಠಾಣೆಯಿಂದ ನೋಟಿಸ್ ಬಂದಿದೆ. ಬಂಧಿಸುತ್ತಾರಾ?

189 ಮತ್ತು 191 ಎರಡೂ ಜಾಮೀನು ಸಿಗುವ ಅಪರಾಧಗಳು. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಪೊಲೀಸರಿಗಿದೆ, ಆದರೆ ಜಾಮೀನು ಕೊಡಲೇಬೇಕು. 190 ಸೇರಿದರೆ ಮೂಲ ಅಪರಾಧ ಯಾವುದೋ ಅದರ ನಿಯಮ, ಕೊಲೆಯತ್ನವಾದರೆ ಸೆಷನ್ಸ್ ಕೋರ್ಟಿಗೆ ಓಡಬೇಕು. ಏಳು ವರ್ಷದೊಳಗಿನ ಅಪರಾಧಗಳಲ್ಲಿ ಬಂಧಿಸಬೇಕಾದರೆ ಅದು ಏಕೆ ಬೇಕೆಂದು ಪೊಲೀಸರು ಕಾರಣ ಬರೆಯಬೇಕು. ಇಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಕೊಟ್ಟು ಕರೆಯುತ್ತಾರೆ. ನೋಟಿಸ್ ಬಂದರೆ ತಪ್ಪದೆ ಹೋಗಿ. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮಹಿಳೆಯರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು. ಮೀನುಗಾರ ಮಹಿಳೆಯರು ಮುಂದೆ ನಿಂತು ಹೋರಾಡುವ ನಮ್ಮ ಕರಾವಳಿಯಲ್ಲಿ ಇದು ಎಲ್ಲರಿಗೂ ತಿಳಿದಿರಬೇಕು.

ಊರವರು ಕೂತು ರಾಜಿ ಮಾಡಿದ್ದಾರೆ. ಕೇಸು ಮುಗಿಯಿತಲ್ವಾ?

ಮುಗಿಯಲಿಲ್ಲ. ಬೈದದ್ದು, ಸಾದಾ ಗಾಯ, ಸಾದಾ ಬೆದರಿಕೆ, ಇವು ರಾಜಿಯಾಗುವ ಅಪರಾಧಗಳು. ಅಕ್ರಮ ಕೂಟ ಮತ್ತು ದೊಂಬಿ ರಾಜಿಯಾಗುವುದಿಲ್ಲ, ಲೋಕ ಅದಾಲತ್‌ನಲ್ಲೂ ಆಗುವುದಿಲ್ಲ. ಎರಡೂ ಕಡೆಯವರು ಸೇರಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಅರ್ಜಿ ಹಾಕಿ ಕೇಸು ರದ್ದು ಮಾಡಿಸಿಕೊಳ್ಳಬೇಕು. ಖಾಸಗಿ ಜಗಳದ ಕೇಸುಗಳಲ್ಲಿ ಹೈಕೋರ್ಟು ಇದಕ್ಕೆ ಒಪ್ಪುವುದುಂಟು. ಪಂಚಾಯ್ತಿಕೆ ಆಯಿತು ಎಂದು ಕೋರ್ಟಿನ ತಾರೀಖಿಗೆ ಹೋಗದೆ ಕೂತು ವಾರಂಟ್ ಮಾಡಿಸಿಕೊಂಡವರಿದ್ದಾರೆ, ಹಾಗೆ ಮಾಡಬೇಡಿ.

ಸರ್ಕಾರ ಹೋರಾಟದ ಕೇಸುಗಳನ್ನು ವಾಪಸ್ ಪಡೆಯುತ್ತದಂತೆ?

ಸಚಿವ ಸಂಪುಟ ತೀರ್ಮಾನಿಸಿದರೂ ಅದು ಶಿಫಾರಸು ಮಾತ್ರ. ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂ ಪ್ರಕಾರ ಸರ್ಕಾರಿ ಅಭಿಯೋಜಕರು ತಮ್ಮ ವಿವೇಚನೆಯಿಂದ ಅರ್ಜಿ ಹಾಕಬೇಕು, ನೊಂದವರ ಮಾತು ಕೇಳಬೇಕು, ಕೋರ್ಟು ಒಪ್ಪಬೇಕು. ಪೇಪರಿನಲ್ಲಿ ಸುದ್ದಿ ಬಂತು ಎಂದು ಕೇಸು ಬಿದ್ದಿತೆಂದು ತಿಳಿಯಬೇಡಿ.

ಮಗ ಗಲ್ಫ್‌ಗೆ ಹೊರಟಿದ್ದಾನೆ. ಪಾಸ್‌ಪೋರ್ಟಿಗೆ ತೊಂದರೆಯಾ? ಕೈಗಾ ಅಣು ಸ್ಥಾವರ, ಸೀಬರ್ಡ್ ನೌಕಾನೆಲೆಯ ಕೆಲಸಕ್ಕೆ?

ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಹಾಗೆಂದು ದಾರಿ ಮುಚ್ಚಿಲ್ಲ. ಕೇಸು ನಡೆಯುತ್ತಿರುವ ಕೋರ್ಟಿನಿಂದಲೇ ವಿದೇಶಕ್ಕೆ ಹೋಗಲು ಅನುಮತಿ ಪಡೆದರೆ ಪಾಸ್‌ಪೋರ್ಟ್ ಸಿಗುತ್ತದೆ, ಆದೇಶದಲ್ಲಿ ಅವಧಿ ಬರೆಸಿಕೊಳ್ಳಿ. ಕೆಲಸದ ವಿಷಯದಲ್ಲಿ ಪೊಲೀಸ್ ಪರಿಶೀಲನೆಯ ಅರ್ಜಿಯಲ್ಲಿ ಕೇಸು ಇದ್ದದ್ದನ್ನು ಮುಚ್ಚಿಡಬೇಡಿ. ಸಣ್ಣ ಕೇಸು ಇದ್ದರೂ ಕೆಲಸ ಸಿಗಬಹುದು, ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಸಿಕ್ಕ ಕೆಲಸವೂ ಹೋಗಬಹುದು. ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿ ಜೊತೆಗಿಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರು. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕು ಕೋರ್ಟುಗಳಲ್ಲಿ ಅದರ ಸಮಿತಿಗಳಿವೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಹೋಗುವಾಗ ಎಫ್‌ಐಆರ್ ಪ್ರತಿ, ನೋಟಿಸ್, ಆಧಾರ್, ಇದ್ದರೆ ಆದಾಯ ಪ್ರಮಾಣಪತ್ರ ಹಿಡಿದು ಹೋಗಿ. ಒಂದೇ ಕೇಸಿನಲ್ಲಿ ಹತ್ತು ಹನ್ನೆರಡು ಜನ ಆರೋಪಿಗಳಿದ್ದರೆ ಎಲ್ಲರಿಗೂ ಒಬ್ಬರೇ ವಕೀಲರು ಎಂದು ಕಣ್ಣುಮುಚ್ಚಿ ಒಪ್ಪಬೇಡಿ. ಕತ್ತಿ ಹಿಡಿದವನ ವಾದವೂ ದೂರದಲ್ಲಿ ನಿಂತಿದ್ದವನ ವಾದವೂ ಒಂದೇ ಆಗಿರುವುದಿಲ್ಲ.